ಅಟ್ಟದ ಮೇಲಿನ ಜೇನುಪೆಟ್ಟಿಗೆ



ಕಳೆದ ಶ್ರಾವಣದಲ್ಲಿ ತ್ಯಾವಣಿಗೆಯ ನಮ್ಮ ಹಳೆಯ ಸ್ನೇಹಿತರಾದ ರೈತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಪೂಜೆ, ಪ್ರಸಾದಗಳು ಮುಗಿದ ಮೇಲೆ ಹಳೆಯ ಪಂಚಾಂಗವೊಂದರಲ್ಲಿ ತಿಥಿಯೊಂದನ್ನು ನೋಡಬೇಕಾದ ಸಂದರ್ಭ ಬಂದಿತು. ಮನೆಯ ಹಿರಿಯ ಸೊಸೆ ಅಟ್ಟವನ್ನೇರಿ ಮರದ ಪೆಟ್ಟಿಗೆಯೊಂದನ್ನು ಇಳಿಸಿ ನಮ್ಮ ಮುಂದಿರಿಸಿದಳು. ಅದರ ತುಂಬ ಪಂಚಾಂಗಗಳು, ಕಂದಾಯದ ರಸೀತಿಗಳು, ಯಾರದೋ ಮದುವೆಯ ಲಗ್ನಪತ್ರಿಕೆಗಳು. ಬೇಕಾದುದನ್ನು ತೆಗೆದುಕೊಂಡು ಪೆಟ್ಟಿಗೆಯನ್ನು ಅತ್ತ ಸರಿಸುವಾಗ ಅದರ ಬುಡದಲ್ಲಿ ಬೆರಳಗಲದ ಸೀಳುಕಂಡಿಯೊಂದು ಕಣ್ಣಿಗೆ ಬಿದ್ದಿತು. ಮೂಸಿದರೆ ಇಷ್ಟು ವರ್ಷಗಳ ಮೇಲೆಯೂ ಮೇಣದ ಮಂದವಾದ ಕಂಪು. ಅದು ಜೇನುಪೆಟ್ಟಿಗೆ!

"ತೀರ್ಥಹಳ್ಳಿ ಕಡೆಯ ಬೀಗರು ಕೊಟ್ಟದ್ದು ಗುರುಗಳೇ. ನಾಲ್ಕು ಪೆಟ್ಟಿಗೆ ಇದ್ದವು, ತೋಟದಾಗೆ ಇಟ್ಟಿದ್ವಿ. ತೊಂಬತ್ತೆರಡನೇ ಇಸವಿಯಾಗೆ ರೋಗ ಬಂತು, ಮೂರು ಖಾಲಿಯಾದವು" ಎಂದು ಯಜಮಾನರು ಹೇಳಿದರು.

"ನಾಲ್ಕನೆಯದು?"

"ಅದೂ ಹೆಂಗೂ ಸಾಯುತ್ತೆ ಅಂತ ತುಪ್ಪ ಹಿಂಡಿಕೊಂಡು ಪೆಟ್ಟಿಗೆ ಒಳಗಿಟ್ವಿ."

ಇಷ್ಟನ್ನು ಅವರು ಬಹು ಸಹಜವಾಗಿ ಹೇಳಿದರು. ಬಾಗಿಲ ಬಳಿ ನಿಂತಿದ್ದ ಅವರ ಕಿರಿಯ ಮಗ ತಲೆ ತಗ್ಗಿಸಿದನು. ಆಮೇಲೆ ತಿಳಿದ ಸಂಗತಿಯಿದು. ಕೃಷಿಯಲ್ಲಿ ಪದವಿ ಪಡೆದ ಆ ಹುಡುಗನಿಗೆ ಜೇನುಕೃಷಿಯನ್ನು ಪರದೇಶದಲ್ಲಿ ಕಲಿತು ಬರಬೇಕೆಂಬ ಹಂಬಲ. ಯೂರೋಪಿನ ಒಂದು ದೇಶದಲ್ಲಿ ಆರು ತಿಂಗಳ ತರಬೇತಿಗೆಂದು ಸಿದ್ಧತೆ ನಡೆಸಿ, ಮಧ್ಯವರ್ತಿಯೊಬ್ಬನ ಮಾತನ್ನು ನಂಬಿ, ಒಂದು ಎಕರೆ ಅಡಿಕೆಯ ಹುಟ್ಟುವಳಿಯಷ್ಟು ಹಣವನ್ನು ಕಳೆದುಕೊಂಡು, ಕಡೆಗೆ ಕಾಗದಪತ್ರಗಳು ಸರಿಯಿಲ್ಲವೆಂದು ವೀಸಾ ನಿರಾಕರಣೆಯಾಗಿ ಮನೆಗೆ ಮರಳಿದ್ದನು. "ಜೇನು ಸಾಕೋದು ಕಲಿಯೋಕೆ ವಿಮಾನ ಹತ್ತಬೇಕಂತೆ! ನೀವಾದರೂ ಬುದ್ಧಿ ಹೇಳಿ" ಎಂಬುದು ತಂದೆಯ ಅಹವಾಲು. ಹುಡುಗ ಒಂದು ಮಾತನ್ನೂ ಆಡಲಿಲ್ಲ.

ನಮಗೆ ಆ ಕ್ಷಣದಲ್ಲಿ ಹೇಳಲು ತೋಚಿದ್ದು ಬುದ್ಧಿಮಾತಲ್ಲ, ಒಂದು ಕಥೆ. ಅಂದು ಹರಕುಮುರುಕಾಗಿ ಹೇಳಿದುದನ್ನು ಓದುಗರಿಗಾಗಿ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇವೆ.

ಇಂಗ್ಲೆಂಡಿನ ನೈರುತ್ಯ ಭಾಗದ ಡೆವನ್ ಸೀಮೆಯಲ್ಲಿ ಬಕ್‌ಫಾಸ್ಟ್ ಎಂಬ ಒಂದು ಕ್ರೈಸ್ತ ಮಠವಿದೆ. ಹದಿನಾರನೆಯ ಶತಮಾನದಲ್ಲಿ ದೊರೆ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಮುಚ್ಚಿಹೋಗಿ ಹಾಳುಬಿದ್ದಿದ್ದ ಆ ಸ್ಥಳಕ್ಕೆ 1882ರಲ್ಲಿ ಮರಳಿ ಸನ್ಯಾಸಿಗಳು ಬಂದು ನೆಲೆಸಿದರು. ಅಡಿಪಾಯದ ಮೇಲೆ ಅಡಿಪಾಯವನ್ನಿರಿಸಿ, ಕಲ್ಲನ್ನು ತಾವೇ ಕೆತ್ತಿ, ತಾವೇ ಹೊತ್ತು, ಸುಮಾರು ಮೂವತ್ತು ವರ್ಷ ದುಡಿದು ದೇವಾಲಯವನ್ನು ಕಟ್ಟಿದರು. ಒಂದು ಹೊತ್ತಿಗೆ ಕೆಲಸಕ್ಕಿದ್ದವರು ಬೆರಳೆಣಿಕೆಯಷ್ಟು ಮಂದಿಯೇ. ಪ್ರಾರ್ಥನೆ ಮತ್ತು ದೈಹಿಕ ದುಡಿಮೆ ಎರಡನ್ನೂ ಸಮನಾಗಿ ಕಾಣುವ ಬೆನೆಡಿಕ್ಟ್ ಪಂಥದವರು ಅವರು. ಲಿಂಗಾಯತ ಮಾಸಿಕದಲ್ಲಿ ಕ್ರೈಸ್ತ ಮಠದ ಪ್ರಸ್ತಾಪವೇಕೆಂದು ಕೇಳುವವರೂ ಇರಬಹುದು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಎಂದು ಶರಣರನ್ನು ಅವರವರ ಕಾಯಕದ ಹೆಸರಿನಿಂದಲೇ ಕರೆಯುವ ನಾವು, ಕಾಯಕ ಎಲ್ಲಿ ಕಂಡರೂ ಗುರುತು ಹಿಡಿಯಬೇಡವೆ?

1910ರಲ್ಲಿ ಆ ಮಠಕ್ಕೆ ಜರ್ಮನಿಯಿಂದ ಹನ್ನೊಂದು ವರ್ಷದ ಬಾಲಕನೊಬ್ಬನು ಬಂದನು. ಹೆಸರು ಕಾರ್ಲ್ ಕೇರ್ಲೆ. ತಾಯಿಯೇ ಕಳುಹಿಸಿಕೊಟ್ಟಿದ್ದಳು. ಊರು ಹೊಸದು, ನುಡಿ ಹೊಸದು. (ನಮ್ಮನ್ನು ಮಠಕ್ಕೆ ಬಿಟ್ಟುಹೋದಾಗ ನಮಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಮೂರು ದಿನ ಬಿಚ್ಚದೆ ಇಟ್ಟುಕೊಂಡಿದ್ದುದು ಈಗಲೂ ನೆನಪಿದೆ. ನಮ್ಮ ಊರು ಇಪ್ಪತ್ತು ಮೈಲಿ ದೂರದಲ್ಲಿತ್ತು; ಆ ಬಾಲಕನ ಊರು ಸಮುದ್ರದಾಚೆ.) ಆತನಿಗೆ ಆಡಮ್ ಎಂಬ ಸನ್ಯಾಸನಾಮವಾಯಿತು. ಮೊದಲು ಕಲ್ಲುಕೆಲಸಕ್ಕೆ ಹಚ್ಚಿದರು. ಮೈಯಲ್ಲಿ ತ್ರಾಣವಿರಲಿಲ್ಲ. ಕಟ್ಟಡದ ಕೆಲಸಕ್ಕೆ ಬಾರದವನೆಂದು 1915ರಲ್ಲಿ ಜೇನುಗೂಡುಗಳ ಕಡೆಗೆ ಕಳುಹಿಸಿದರು. ಜೇನುಕೃಷಿಯ ಚರಿತ್ರೆಯಲ್ಲಿ ಒಂದು ದೊಡ್ಡ ಹೆಸರು ಹುಟ್ಟಿದ್ದು ಹೀಗೆ, ಒಂದು ಅಶಕ್ತಿಯಿಂದ.

ಹೋದ ಮರುವರ್ಷವೇ ಸರ್ವನಾಶ. ಬ್ರಿಟನ್ನಿನ ದಕ್ಷಿಣಕ್ಕಿರುವ ವೈಟ್ ದ್ವೀಪದಲ್ಲಿ 1904ರ ಸುಮಾರಿಗೆ ಕಾಣಿಸಿಕೊಂಡ ಒಂದು ಪಿಡುಗು ದೇಶವನ್ನೆಲ್ಲ ವ್ಯಾಪಿಸಿತ್ತು. ರೋಗ ತಗುಲಿದ ಜೇನುಹುಳುಗಳು ಹಾರಲಾರದೆ ಗೂಡಿನ ಮುಂದೆ ನೆಲದ ಮೇಲೆ ತೆವಳುತ್ತ ರಾಶಿರಾಶಿಯಾಗಿ ಸಾಯುತ್ತಿದ್ದವು. ಹುಳುವಿನ ಉಸಿರುನಾಳದಲ್ಲಿ ಸೇರಿಕೊಳ್ಳುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದನ್ನು ವಿಜ್ಞಾನಿಗಳು 1921ರಲ್ಲಿ ಕಂಡುಹಿಡಿದು ಅದೇ ಕಾರಣವೆಂದರು. ಅದೊಂದೇ ಕಾರಣವಲ್ಲವೆಂದು ಮುಂದಿನವರು ವಾದಿಸಿದರು. ಅದೇನೇ ಇರಲಿ, 1916ರ ವೇಳೆಗೆ ಮಠದಲ್ಲಿದ್ದ 46 ಜೇನುಕುಟುಂಬಗಳ ಪೈಕಿ 30 ಅಳಿದುಹೋದವು.

ಸಾಮಾನ್ಯನಾದವನು ಆ ಮೂವತ್ತನ್ನು ಎಣಿಸಿ ಕೊರಗುತ್ತಿದ್ದನು. ಹದಿನೆಂಟರ ಹರೆಯದ ಆಡಮ್ ಉಳಿದ ಹದಿನಾರನ್ನು ಎಣಿಸಿದನು. ಇವೇಕೆ ಸಾಯಲಿಲ್ಲ? ಅಳಿದವು ಆ ನಾಡಿನ ಮೂಲದ ಕಪ್ಪುಜೇನುಗಳು. ಉಳಿದವು ಇಟಲಿಯಿಂದ ಹಿಂದೆ ತರಿಸಿದ್ದ ರಾಣಿಗಳ ಸಂತತಿಯವು. ರೋಗವನ್ನು ತಡೆಯುವ ಶಕ್ತಿ ವಂಶದಲ್ಲಿ ಇಳಿದು ಬರುತ್ತದೆಂಬುದು ಆತನಿಗೆ ಹೊಳೆಯಿತು. ಆ ಹದಿನಾರರಿಂದಲೇ ಹೊಸ ತಳಿಯನ್ನು ಕಟ್ಟಲು ಆರಂಭಿಸಿದನು. 1919ರಲ್ಲಿ ಜೇನುಗಳ ಪೂರ್ಣ ಹೊಣೆ ಆತನ ಕೈಗೆ ಬಂದಿತು.

ಕಥೆಯ ಈ ಘಟ್ಟಕ್ಕೆ ಬಂದಾಗ ನಮ್ಮ ರೈತಮಿತ್ರರು ಅಟ್ಟದ ಪೆಟ್ಟಿಗೆಯ ಕಡೆಗೆ ಒಮ್ಮೆ ನೋಡಿದರು. ನಾವು ಏನನ್ನೂ ಹೇಳಲಿಲ್ಲ.

ಜೇನಿನ ತಳಿ ಕಟ್ಟುವುದು ದನಕರುಗಳ ತಳಿ ಕಟ್ಟಿದಂತಲ್ಲ. ಹೋರಿಯನ್ನು ನಾವು ಆರಿಸಬಹುದು. ರಾಣಿಜೇನಾದರೋ ಗೂಡಿನಿಂದ ಹೊರಬಿದ್ದು ಆಕಾಶದಲ್ಲಿ ಹಾರುತ್ತಲೇ ಹತ್ತಾರು ಗಂಡುಜೇನುಗಳೊಡನೆ ಕೂಡಿ ಬರುತ್ತದೆ. ತಂದೆ ಯಾರೆಂಬುದನ್ನು ಹೇಳುವವರಾರು? ಬಟಾಣಿಗಿಡಗಳಲ್ಲಿ ವಂಶವಾಹಿಯ ಗುಟ್ಟನ್ನು ಕಂಡ ಮೆಂಡೆಲನೂ ಒಬ್ಬ ಮಠವಾಸಿಯೇ. ಆತ ಜೇನನ್ನೂ ಸಾಕಿದ್ದನು, ಆದರೆ ಈ ತೊಡಕಿನಿಂದಾಗಿ ಜೇನಿನಲ್ಲಿ ಆತನ ಪ್ರಯೋಗ ಕೈಗೂಡಲಿಲ್ಲ. ಆಡಮ್ ಇದಕ್ಕೊಂದು ಉಪಾಯ ಹೂಡಿದನು. ಮಠದ ಸಮೀಪದಲ್ಲಿ ಡಾರ್ಟ್‌ಮೂರ್ ಎಂಬ ವಿಶಾಲವಾದ ಬೋಳು ಬಯಲುಸೀಮೆಯುಂಟು. ಗಾಳಿ, ಮಂಜು, ಚಳಿಗಳ ಆ ಬಯಲಿನಲ್ಲಿ ಬೇರೆ ಜೇನುಗಳ ಸುಳಿವಿಲ್ಲ. ಅಲ್ಲಿ 1925ರಲ್ಲಿ ತಾನು ಆರಿಸಿದ ರಾಣಿಗಳನ್ನೂ ತಾನು ಆರಿಸಿದ ಗಂಡುಗಳ ಗೂಡುಗಳನ್ನೂ ಒಯ್ದಿರಿಸಿದನು. ಹೊರಗಿನ ಗಂಡು ಅಷ್ಟು ದೂರ ಬಾರದು. ಯಾರಿಗೂ ಬೇಡವಾದ ನೆಲ ಹೀಗೆ ತಳಿಶಾಸ್ತ್ರದ ಪಾಠಶಾಲೆಯಾಯಿತು.

ಇಷ್ಟಾದ ಮೇಲೆ ಆತನಿಗೆ ಒಂದು ಸತ್ಯ ಗೋಚರಿಸಿತು: ತನ್ನ ಅಂಗಳದಲ್ಲಿರುವ ಜೇನನ್ನಷ್ಟೇ ಬಲ್ಲವನು ಜೇನನ್ನು ಪೂರ್ಣವಾಗಿ ಬಲ್ಲವನಲ್ಲ. ಮರುಭೂಮಿಯ ಜೇನು ಹೇಗೆ ಬದುಕುತ್ತದೆ, ಹಿಮದ ಬೆಟ್ಟಗಳ ಜೇನು ಹೇಗೆ ಬದುಕುತ್ತದೆ ಎಂಬುದನ್ನು ಆಯಾ ಸ್ಥಳಕ್ಕೇ ಹೋಗಿ ನೋಡಬೇಕು. ಆದರೆ ಹೋಗುವುದೆಂತು? ಮಠದ ಬಾಳುವೆಗೆ ಅದರದೇ ಕಟ್ಟುಪಾಡುಗಳು. ನಡುವೆ ಯುರೋಪನ್ನೆಲ್ಲ ಸುಟ್ಟ ಎರಡನೆಯ ಮಹಾಯುದ್ಧ. ಅಂತೂ ಆತನ ಮೊದಲನೆಯ ಸಂಶೋಧನ ಪ್ರವಾಸ ಹೊರಟದ್ದು 1950ರಲ್ಲಿ. ಆಗ ಆತನ ವಯಸ್ಸು ಐವತ್ತು ದಾಟಿತ್ತು! ಐವತ್ತಕ್ಕೆ ನಮ್ಮಲ್ಲಿ ಅನೇಕರು ಕನ್ನಡಕವನ್ನು ಒರೆಸುತ್ತ "ಇನ್ನೇನು ನಮ್ಮ ಕಾಲ ಮುಗಿಯಿತು" ಎನ್ನತೊಡಗಿರುತ್ತಾರೆ.

ಫ್ರಾನ್ಸ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಇಟಲಿಗಳಿಂದ ತೊಡಗಿದ ಆ ಪ್ರವಾಸಗಳು ಮುಂದೆ ಅಲ್ಜೀರಿಯ, ಇಸ್ರೇಲ್, ಸಿರಿಯ, ಸೈಪ್ರಸ್, ಗ್ರೀಸ್, ತುರ್ಕಿ, ಸ್ಪೇನ್, ಈಜಿಪ್ಟ್, ಮೊರಾಕ್ಕೊಗಳವರೆಗೆ ಹಬ್ಬಿದವು. ಎಲ್ಲ ಸೇರಿ ಸುಮಾರು 1,50,000 ಕಿಲೋಮೀಟರುಗಳ ದಾರಿ. ಅದರಲ್ಲಿ ಬಹುಭಾಗ ರಸ್ತೆಯ ಮೇಲೆ. ಹೋದಲ್ಲೆಲ್ಲ ಆತ ಹುಡುಕಿದ್ದು ವಿಶ್ವವಿದ್ಯಾಲಯಗಳ ಪಂಡಿತರನ್ನಷ್ಟೇ ಅಲ್ಲ. ಮಣ್ಣಿನ ಉದ್ದ ಕೊಳವೆಗಳನ್ನು ಗೋಡೆಯಂತೆ ಪೇರಿಸಿ ಜೇನು ಸಾಕುವ ಈಜಿಪ್ಟಿನವರ ಬಳಿ, ಅನಾತೋಲಿಯದ ಹಳ್ಳಿಗರ ಬಳಿ, ಸಹಾರದ ಖರ್ಜೂರದ ತೋಪುಗಳವರ ಬಳಿ ನಿಂತು ನೋಡಿದನು. ಒಂದೊಂದು ನಾಡಿನ ಜೇನಿಗೂ ಒಂದೊಂದು ಸ್ವಭಾವ. ಸೈಪ್ರಸ್ಸಿನದು ಮುಂಗೋಪಿ. ಅನಾತೋಲಿಯದ್ದು ಮಿತವ್ಯಯದ ಗೃಹಿಣಿಯಂತೆ. ಕಠಿಣವಾದ ಚಳಿಗಾಲವನ್ನು ಕೊಂಚ ತುಪ್ಪದಲ್ಲಿಯೇ ಕಳೆಯುತ್ತದೆ. ಹೀಗೆ ಅರಸಿ ಆರಿಸಿದ ರಾಣಿಗಳು ಬೆಂಕಿಪೊಟ್ಟಣದಷ್ಟು ಪುಟ್ಟ ಪಂಜರಗಳಲ್ಲಿ, ನಾಲ್ಕಾರು ಪರಿಚಾರಕ ಹುಳುಗಳೊಡನೆ ಮಠಕ್ಕೆ ಬರುತ್ತಿದ್ದವು. ಬಂದ ರಾಣಿಯ ಸಂತತಿಯನ್ನು ವರ್ಷಗಳ ಕಾಲ ಪರೀಕ್ಷಿಸಿ, ಒಂದರ ಒಂದೇ ಗುಣವನ್ನು ತನ್ನ ತಳಿಗೆ ಸೇರಿಸಿಕೊಳ್ಳುವುದು. ಒಂದು ಕೂಡಿಕೆ ನೆಲೆನಿಲ್ಲಲು ಹಲವು ವರ್ಷ ಬೇಕು. ಬೇಡವಾದುದನ್ನು ಬಿಡಲೂ ಅಷ್ಟೇ ತಾಳ್ಮೆ ಬೇಕು. ಬಕ್‌ಫಾಸ್ಟ್ ಜೇನೆಂದು ಇಂದು ಹಲವು ದೇಶಗಳಲ್ಲಿ ಸಾಕುತ್ತಿರುವುದು ಆ ತಳಿಯನ್ನೇ.

1987ರಲ್ಲಿ ಆತ ಕಡೆಯದೆನ್ನಬಹುದಾದ ದೊಡ್ಡ ಯಾತ್ರೆ ಕೈಗೊಂಡನು. ಕಿಲಿಮಂಜಾರೊ ಪರ್ವತಪ್ರದೇಶದ ಎತ್ತರದಲ್ಲಿ ವಾಸಿಸುವ ಕಪ್ಪುಬಣ್ಣದ ಜೇನೊಂದನ್ನು ಕಾಣಬೇಕೆಂಬ ಹಟ. ವಯಸ್ಸು 89. ಕಾಲು ಸಾಗದಲ್ಲಿ ಸಹಾಯಕರು ಬೆನ್ನ ಮೇಲೆ ಹೊತ್ತು ಒಯ್ದರೆಂದು ಆತನ ಕುರಿತು ಬರೆದವರು ಹೇಳಿದ್ದಾರೆ. ವೀಸಾ ಸಿಗಲಿಲ್ಲವೆಂದು ಹತಾಶನಾಗಿದ್ದ ಹುಡುಗನಿಗೆ ಇದನ್ನು ಹೇಳುವಾಗ ನಮಗೇ ನಗು ಬಂದಿತು, ಅವನೂ ನಕ್ಕನು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನಮ್ಮಂತಹ ಮಠದ ಕೂಸುಗಳಿಗೆ ಮುಂದಿನದೇ ಹೆಚ್ಚು ನೋವಿನ ಭಾಗ. ಜೇನುಸಾಕಣೆಯ ಗುರಿ ಮಠಕ್ಕೆ ತುಪ್ಪ ಒದಗಿಸುವುದೇ ಹೊರತು ತಳಿಸಂಶೋಧನೆಯಲ್ಲವೆಂದು ಮಠದ ಹಿರಿಯರು ಭಾವಿಸಿದರು. ಆಡಮ್ ಕೇಳಿದ ಸಹಾಯ ದೊರೆಯಲಿಲ್ಲ. 1992ರ ಫೆಬ್ರವರಿಯಲ್ಲಿ, ಎಪ್ಪತ್ತಕ್ಕೂ ಹೆಚ್ಚು ವರ್ಷ ಹೊತ್ತಿದ್ದ ಹೊಣೆಯನ್ನು ಆತ ಇಳಿಸಿದನು. ವಿಧೇಯತೆಯ ವ್ರತ ತೊಟ್ಟವನು ಮಠವನ್ನು ಬಿಡಲಿಲ್ಲ. 1996ರ ಸೆಪ್ಟೆಂಬರ್ 1ರಂದು ತೊಂಬತ್ತೆಂಟರ ವಯಸ್ಸಿನಲ್ಲಿ ಅಲ್ಲಿಯೇ ಕಣ್ಮುಚ್ಚಿದನು. ಹಿರಿಯರ ನಿರ್ಣಯ ತಪ್ಪೆಂದು ಹೇಳಲು ನಾವಾರು? ಮಠವೊಂದರ ಒಲೆ ಉರಿಯಬೇಕು, ದಾಸೋಹ ನಡೆಯಬೇಕು. ಅದರ ಕಷ್ಟ ಒಳಗಿದ್ದವರಿಗೇ ಗೊತ್ತು. ಆದರೂ ಪ್ರಶ್ನೆ ಕೇಳುವವನಿಗೆ ಒಂದು ಮೂಲೆಯನ್ನು ಉಳಿಸಿಕೊಡದ ಸಂಸ್ಥೆ, ಅದು ಮಠವಾಗಲಿ, ಶಾಲೆಯಾಗಲಿ, ಮನೆಯೇ ಆಗಲಿ, ಕ್ರಮೇಣ ಬರಿದಾಗುತ್ತದೆಂದು ನಮ್ಮ ಅನಿಸಿಕೆ. ನಮ್ಮ ಮಠಗಳಲ್ಲಿಯೂ ಇದನ್ನು ಕಂಡಿದ್ದೇವೆ. ಅದರ ವಿಸ್ತಾರ ಇಲ್ಲಿ ಬೇಡ.

1992ರ ಏಪ್ರಿಲ್‌ನಲ್ಲಿ ಆತನ ಡೆವನ್ ಸೀಮೆಯಲ್ಲಿಯೇ, ಬ್ರಿಟನ್ನಿನಲ್ಲಿ ಮೊತ್ತಮೊದಲ ಬಾರಿಗೆ, ವರೋವ ಎಂಬ ಮತ್ತೊಂದು ನುಸಿ ಪತ್ತೆಯಾಯಿತು. ಅದರ ಮೂಲ ಯಾವುದೆಂದು ತಿಳಿದರೆ ಓದುಗರು ಆಶ್ಚರ್ಯಪಡಬಹುದು. ಅದು ನಮ್ಮ ಏಷ್ಯದ ತುಡುವೆಜೇನಿನ ಮೈಮೇಲಿನ ಹಳೆಯ ಬಾಡಿಗೆದಾರ. ತುಡುವೆ ತನ್ನ ಮೈಯನ್ನೂ ಜೊತೆಯವರ ಮೈಯನ್ನೂ ಒರೆಸಿ ತೆಗೆಯುತ್ತ, ಸೋಂಕಿದ ಮರಿಗಳನ್ನು ಹೊರಹಾಕುತ್ತ ಆ ನುಸಿಯೊಡನೆ ಸಾವಿರಾರು ವರ್ಷ ಬಾಳಿದೆ. ಪಶ್ಚಿಮದ ಜೇನನ್ನು ಏಷ್ಯಕ್ಕೆ ತಂದು ಎರಡನ್ನೂ ನೆರೆಹೊರೆಯಲ್ಲಿಟ್ಟಾಗ ನುಸಿ ಅದಕ್ಕೆ ದಾಟಿತು. ಅದಕ್ಕೆ ಈ ಕಲೆ ತಿಳಿಯದು. ಪ್ರಪಂಚದಾದ್ಯಂತ ಲಕ್ಷಾಂತರ ಕುಟುಂಬಗಳು ಅಳಿದವು. ಆದುದರಿಂದಲೇ ಹುಡುಗನಿಗೆ ಹೇಳಿದೆವು: "ತಮ್ಮಾ, ಹೋಗು. ವಿದ್ಯೆ ತಾ. ಹುಳ ತರಬೇಡ."

ನಮ್ಮ ಸೀಮೆಯ ಮಾತಿಗೆ ಬರೋಣ. 1991-92ರಲ್ಲಿ ದಕ್ಷಿಣ ಭಾರತದ ತುಡುವೆಜೇನಿಗೆ ಬಂದದ್ದು ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜಾಣುರೋಗ. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಲ್ಪಟ್ಟದ್ದರಿಂದ ಆ ಹೆಸರು. ಮರಿಹುಳು ಕೋಶಾವಸ್ಥೆಗೆ ತಿರುಗುವ ಮೊದಲೇ ನೀರು ತುಂಬಿದ ಚೀಲದಂತಾಗಿ ಎರಿಯಲ್ಲಿಯೇ ಸಾಯುತ್ತದೆ. ದೊಡ್ಡ ಹುಳುಗಳು ಹಾರಾಡುತ್ತಲೇ ಇರುತ್ತವೆ. ಹೊರಗಿನಿಂದ ನೋಡಿದವನಿಗೆ ಏನೂ ತಿಳಿಯದು. ಹೊಸಪೀಳಿಗೆ ಬಾರದೆ ಗೂಡು ದಿನದಿನಕ್ಕೆ ಬಡವಾಗಿ ಒಂದು ಬೆಳಗ್ಗೆ ಬರಿದಾಗುತ್ತದೆ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ, ಮಲೆನಾಡುಗಳಲ್ಲಿ ಬಹುಪಾಲು ಪೆಟ್ಟಿಗೆಗಳು ಖಾಲಿಯಾದವು. ಕಳೆದ ಶತಮಾನದ ಆದಿಯಲ್ಲಿ ತಿರುಚಿನಾಪಳ್ಳಿಯ ನ್ಯೂಟನ್ ಎಂಬ ಪಾದ್ರಿ (ಇಲ್ಲಿಯೂ ಒಬ್ಬ ಸನ್ಯಾಸಿ!) ತುಡುವೆಯ ಮೈಯಳತೆಗೆ ಒಪ್ಪುವ ಪೆಟ್ಟಿಗೆ ರೂಪಿಸಿ ಜನರಿಗೆ ಕಲಿಸಿದ ವಿದ್ಯೆ, ಸಹಕಾರ ಸಂಘಗಳ ಮೂಲಕ ಮನೆಮನೆಗೆ ಮುಟ್ಟಿದ್ದ ವಿದ್ಯೆ, ಹೀಗೆ ಎರಡು ಮಳೆಗಾಲಗಳಲ್ಲಿ ಅಟ್ಟ ಸೇರಿತು. ತುಡುವೆ ಪೂರ್ತಿ ಅಳಿಯಲಿಲ್ಲ. ಕಾಡಿನಲ್ಲಿ, ಪೊಟರೆಗಳಲ್ಲಿ, ಅಲ್ಲೊಂದು ಇಲ್ಲೊಂದು ಪೆಟ್ಟಿಗೆಯಲ್ಲಿ ತಾಳಿಕೊಂಡ ಕುಟುಂಬಗಳು ಉಳಿದು, ಅವುಗಳಿಂದ ಮತ್ತೆ ಸಂತತಿ ಬೆಳೆಯಿತು. ನಾಲ್ಕನೆಯ ಪೆಟ್ಟಿಗೆಯನ್ನು ಹಿಂಡದೆ ಬಿಟ್ಟವರು ಎಲ್ಲಿಯೋ ಇದ್ದರೆಂದು ಇದರ ಅರ್ಥ.

ಭದ್ರಾ ನಾಲೆಯ ನೀರು ಬಂದು ತ್ಯಾವಣಿಗೆಯ ಸುತ್ತ ಭತ್ತ, ಅಡಿಕೆ, ತೆಂಗು ಸಮೃದ್ಧವಾಗಿವೆ. ಭತ್ತಕ್ಕೆ ಗಾಳಿ ಸಾಕು, ಜೇನು ಬೇಡ. ತೆಂಗಿನ ಹೊಂಬಾಳೆಗೆ ಜೇನು ಮುತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಸೂರ್ಯಕಾಂತಿಯಂತೂ ಜೇನಿಲ್ಲದಿದ್ದರೆ ಜೊಳ್ಳುಗಾಳು. ಪಂಚಾಮೃತಕ್ಕೆ ನಾವು ಅಂಗಡಿಯ ಸೀಸೆ ತರುತ್ತೇವೆ. ಅದರೊಳಗೆ ಜೇನೆಷ್ಟು, ಪಾಕವೆಷ್ಟು ಎಂಬುದನ್ನು ಶಿವನೇ ಬಲ್ಲ. ತೋಟಕ್ಕೆ ಔಷಧಿ ಹೊಡೆಯುವಾಗ ಹೂವಿನ ಹೊತ್ತು ನೋಡುವವರು ವಿರಳ. ಬೆಳಗಿನಲ್ಲಿ ಜೇನು ಹೂವಿನ ಮೇಲಿರುವಾಗಲೇ ಸಿಂಪಡಿಸುತ್ತಾರೆ. ಸಂಜೆ ಸಿಂಪಡಿಸಿದರೆ ಕೂಲಿ ಹೆಚ್ಚೇನೂ ಆಗದು.

"ಹಂಗಾದರೆ ಕಳಿಸಲೇ ಬೇಕು ಅಂತೀರಾ?" ಎಂದು ಯಜಮಾನರು ಕೇಳಿದರು.

ನಾವು ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ಆಡಮ್ ಮೂವತ್ತೈದು ವರ್ಷ ತನ್ನ ಅಂಗಳದ ಜೇನನ್ನು ಓದಿದ ಮೇಲೆ ಪರದೇಶಕ್ಕೆ ಹೊರಟವನು. ಆತನಿಗೆ ಕೇಳಬೇಕಾದ ಪ್ರಶ್ನೆ ಕೈಯಲ್ಲಿತ್ತು. ಹುಡುಗನ ಕೈಯಲ್ಲಿ ಸದ್ಯಕ್ಕೆ ಇರುವುದು ಅರ್ಜಿ ಮಾತ್ರ. ಪುಣೆಯಲ್ಲಿ 1962ರಲ್ಲಿ ಸ್ಥಾಪಿತವಾದ ಕೇಂದ್ರೀಯ ಜೇನು ಸಂಶೋಧನ ಮತ್ತು ತರಬೇತಿ ಸಂಸ್ಥೆಯಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನುಕೃಷಿಗೇ ಮೀಸಲಾದ ವಿಭಾಗವಿದೆ. ಅಲ್ಲಿ ಮೊದಲು ಕಲಿಯಲಿ, ಎರಡು ಹೂವಿನ ಕಾಲವನ್ನು ಈ ತೋಟದಲ್ಲಿ ಕಳೆಯಲಿ, ಆಮೇಲೆ ಮಧ್ಯವರ್ತಿಯ ಹಂಗಿಲ್ಲದೆ ತಾನೇ ಅರ್ಜಿ ಬರೆದು ಹೋಗಲಿ. ಆಗಲೂ ತಡೆ ಬಂದರೆ ಮತ್ತೆ ಬರೆಯಲಿ. ತಂದೆಯಾದವರು ಹಣ ಹೋಯಿತೆಂದು ಅವನನ್ನು ದಿನವೂ ಚುಚ್ಚದಿರಲಿ. ಇದನ್ನು ನಾವು ಸ್ವಲ್ಪ ಗಡುಸಾಗಿಯೇ ಹೇಳಿದೆವೆಂದು ಕಾಣುತ್ತದೆ, ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹುಡುಗನೇ ಮೌನ ಮುರಿದನು. "ಗುರುಗಳೇ, ಹಳ್ಳದ ದಂಡೇಲಿ ಹುಣಸೆಮರದ ಪೊಟರೇಲಿ ತುಡುವೆ ಐತೆ. ಮೂರು ವರ್ಷದಿಂದ ನೋಡ್ತಿದೀನಿ. ಯಾರೂ ಮುಟ್ಟಿಲ್ಲ."

ಮೂರು ವರ್ಷದಿಂದ! ಹುಡುಗನ ಕೈಯಲ್ಲಿ ಅರ್ಜಿ ಮಾತ್ರವಿದೆಯೆಂದು ನಾವು ಹೇಳಿದ್ದು ಅವಸರದ ಮಾತಾಯಿತು.

ಕಾರ್ತಿಕದಲ್ಲಿ ಮತ್ತೆ ಆ ಮನೆಗೆ ಹೋಗುವ ಯೋಗ ಒದಗಿತು. ಹುಡುಗ ಪುಣೆಯಲ್ಲಿದ್ದನು. ಪಂಚಾಂಗಗಳೂ ಲಗ್ನಪತ್ರಿಕೆಗಳೂ ಒಂದು ಹಳೆಯ ಗೋಣಿಚೀಲದಲ್ಲಿ ಅಟ್ಟದ ಮೂಲೆ ಸೇರಿದ್ದವು. ಪೆಟ್ಟಿಗೆಯನ್ನು ತೊಳೆದು, ಬಿಸಿಲಿಗಿಟ್ಟು, ಕಿತ್ತುಹೋಗಿದ್ದ ತಳದ ಹಲಗೆಗೆ ಯಜಮಾನರು ತಾವೇ ಮೊಳೆ ಹೊಡೆಯುತ್ತ ಕುಳಿತಿದ್ದರು. ಇರುವೆ ಹತ್ತದಂತೆ ಕಾಲುಗಳ ಕೆಳಗೆ ಇಡಲು ನಾಲ್ಕು ನೀರಿನ ಬಟ್ಟಲುಗಳನ್ನು ಸೊಸೆ ಹುಡುಕಿ ತಂದಿಟ್ಟಿದ್ದಳು.